ಎಂಟೂವರೆ ಅಡಿಯ ರಕ್ತದೊತ್ತಡ

ಏಪ್ರಿಲ್ 7, ಸೋಮವಾರ

ರಂಜಿತ ಎಂಬ ಹುಡುಗಿ ಇವತ್ತು ನನಗೆ ಬಿ.ಪಿ. ಇದೆ ಎಂದು ತೀರ್ಪು ಕೊಟ್ಟಳು.

ಈ ರಂಜಿತ ನಮ್ಮ ಯಲ್ದೂರಿನ ಆರೋಗ್ಯ ಉಪಕೇಂದ್ರದ ನರ್ಸು. ಹದಿಮೂರು ವರ್ಷದ ಹಿಂದೆ ನನ್ನ ಹತ್ತನೇ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದವಳು. ಪ್ರಯೋಗಾಲಯದಲ್ಲಿದ್ದ ಒಂದೇ ಒಂದು ವಾಯುಭಾರಮಾಪಕವನ್ನು ಕೈಜಾರಿಸಿ ಒಡೆದವಳು. ಪಾದರಸ ನೆಲದ ಮೇಲೆಲ್ಲ ಉರುಳಾಡಿದ ಆ ದಿನ ನಾನು ಇಡೀ ತರಗತಿಯ ಎದುರು, “ಒತ್ತಡ ಅಂದ್ರೆ ಏನು ಅಂತ ಈ ಹುಡುಗಿಗೆ ಈ ಜನ್ಮದಲ್ಲಿ ಅರ್ಥ ಆಗಲ್ಲ” ಎಂದಿದ್ದೆ. ಅಂಥವಳು ನನ್ನ ತೋಳಿಗೆ ಪಟ್ಟಿ ಸುತ್ತಿ, ನನ್ನ ಒತ್ತಡ ಅಳೆದು, ನೂರ ಅರವತ್ತೆಂಟಕ್ಕೆ ತೊಂಬತ್ತೆಂಟು ಎಂದಳು. ಮೂವತ್ತನಾಲ್ಕು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ಸುಬ್ಬರಾಯಪ್ಪನಿಗೆ!

“ಒಂದೇ ಸಲ ನೋಡಿ ಹೇಳಕ್ಕಾಗಲ್ಲ ಸಾರ್. ಮನೇಲಿ ದಿನಾ ಅಳೆದು ಇದ್ರಲ್ಲಿ ಬರೀರಿ. ಉಪ್ಪು ಕಮ್ಮಿ ಮಾಡಿ. ಆಮೇಲೆ ಮಾತ್ರೆ ವಿಚಾರ ನೋಡೋಣ” ಎಂದು ಒಂದು ಪುಟ್ಟ ಪುಸ್ತಕ ಕೈಗಿಟ್ಟಳು.

“ನನ್ನ ಕೈ ಹೃದಯದ ಮಟ್ಟದಲ್ಲಿ ಇತ್ತೇನಮ್ಮಾ?” ಎಂದು ಕೇಳಿದೆ.

“ಇತ್ತು ಸಾರ್.”

“ಎಷ್ಟು ಸೆಂಟಿಮೀಟರ್ ಆಚೀಚೆ?”

“ಸಾರ್, ನಿಮ್ಮ ಹಿಂದೆ ಇನ್ನೂ ನಲವತ್ತು ಜನ ನಿಂತವ್ರೆ.”

ಆ ಪುಸ್ತಕದ ಅಂಕಣಗಳಲ್ಲಿ ಅಂಕಿ ಬರೆಯಲು ಜಾಗವಿದೆ, ಆಕ್ಷೇಪಣೆ ಬರೆಯಲು ಇಲ್ಲ. ಆದ್ದರಿಂದ ವಿಮೆ ಏಜೆಂಟು ಕೊಟ್ಟಿದ್ದ ಈ ಡೈರಿಯನ್ನು ಹೊರತೆಗೆದಿದ್ದೇನೆ.

ಮೂವತ್ತು ದಾಟಿದವರೆಲ್ಲ ಬಂದು ತೋರಿಸಿಕೊಳ್ಳಬೇಕು ಎಂದಿದ್ದರು. ನನ್ನ ಹೆಂಡತಿ ಬರಲಿಲ್ಲ. ಇವಳಿಗೆ ಮಹಿಳಾ ಸಂಘದ ಹೆಂಗಸರ ಜೊತೆ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುವುದಿತ್ತು. ಬೆಳಿಗ್ಗೆಯಿಂದ ತಲೆನೋವು ಬೇರೆ ಎಂದು ಹಣೆಗೆ ಬಟ್ಟೆ ಬಿಗಿದುಕೊಂಡಿದ್ದಳು. ಕಾಫಿ ತಡವಾಯಿತು.

ಏಪ್ರಿಲ್ 9, ಬುಧವಾರ

ಶ್ರೀನಿವಾಸಪುರಕ್ಕೆ ಹೋಗಿ ಕದಿರೇಶನ ಔಷಧಿ ಅಂಗಡಿಯಿಂದ ಬಿ.ಪಿ. ಯಂತ್ರ ತಂದೆ. ಕದಿರೇಶನೂ ನನ್ನ ವಿದ್ಯಾರ್ಥಿಯೇ. ನನಗೆ ಬಿ.ಪಿ. ಎಂದು ಅವನಿಗೆ ಹೇಳಲಿಲ್ಲ. “ಒಂದು ಪ್ರಯೋಗಕ್ಕೆ” ಎಂದೆ.

“ಎಲ್ರೂ ಹಂಗೇ ಹೇಳ್ತಾರೆ ಸಾರ್” ಎಂದ.

ಮನೆಗೆ ಬಂದು ಅಳೆದುಕೊಂಡೆ. ನೂರ ಅರವತ್ತನಾಲ್ಕಕ್ಕೆ ತೊಂಬತ್ತಾರು. ಒಂದು ಅಳತೆಯನ್ನು ನಂಬುವುದು ವಿಜ್ಞಾನವಲ್ಲ. ಹೋಲಿಸಿ ನೋಡಲು ಕಾಯಿಲೆಯಿಲ್ಲದ ಇನ್ನೊಂದು ಮಾದರಿ ಬೇಕು. ಮನೆಯಲ್ಲಿ ಸಿಕ್ಕಿದ್ದು ನನ್ನ ಹೆಂಡತಿ ಮುನಿಯಲ್ಲಮ್ಮ. ಮೂವತ್ತೈದು ವರ್ಷದ ಸಂಸಾರದಲ್ಲಿ ಇವಳು ಹಗಲಲ್ಲಿ ಮಲಗಿದ್ದನ್ನು ನಾನು ಕಂಡಿಲ್ಲ. ಏನಾದರೂ ಆಗಿದೆಯೇ ಎಂದು ಕೇಳಿದರೆ “ಏಮೀ ಲೇದು” ಎನ್ನುತ್ತಾಳೆ. ಇವಳ ತವರು ಗೌನಿಪಲ್ಲಿ. ಮಿಕ್ಕಿದ್ದೆಲ್ಲ ಕನ್ನಡದಲ್ಲಿ ಹೇಳಿದರೂ ‘ಏನೂ ಇಲ್ಲ’ ಎನ್ನುವುದನ್ನು ಮಾತ್ರ ತೆಲುಗಿನಲ್ಲೇ ಹೇಳುವುದು.

“ಯಾಕ್ರೀ ಕೈಗೆ ಬೇಡಿ ಹಾಕ್ತಾ ಇದೀರ? ಖಾರದಪುಡಿ ಕೈ ಅದು, ಬಿಡಿ” ಎಂದು ಗೊಣಗಿದಳು.

ಯಂತ್ರ ಗುಂಯ್‌ಗುಟ್ಟಿ ನೂರ ತೊಂಬತ್ತನಾಲ್ಕಕ್ಕೆ ನೂರ ಹನ್ನೆರಡು ಎಂದು ತೋರಿಸಿತು. ಇದರಿಂದ ಒಂದು ವಿಷಯ ಸ್ಪಷ್ಟವಾಯಿತು. ಯಂತ್ರ ಕೆಟ್ಟಿದೆ.

ಏಪ್ರಿಲ್ 12, ಶನಿವಾರ

ಇಂದು ಮಹತ್ವದ ದಿನ.

ನೀರಿನ ಟ್ಯಾಂಕಿನಿಂದ ಕೆಳಗಿಳಿದಷ್ಟೂ ನಲ್ಲಿಯ ರಭಸ ಹೆಚ್ಚು, ಮೇಲೇರಿದಷ್ಟೂ ಕಮ್ಮಿ. ರಕ್ತವೂ ಒಂದು ದ್ರವ. ಹೃದಯಕ್ಕಿಂತ ಕೈ ಹತ್ತು ಸೆಂಟಿಮೀಟರ್ ಮೇಲಿದ್ದರೆ ಅಳತೆ ಸುಮಾರು ಎಂಟರಷ್ಟು ಇಳಿಯಲೇಬೇಕು. ಇದನ್ನು ಪರೀಕ್ಷಿಸಲು ಮೊದಲು ತೋಳನ್ನು ಮೇಜಿನ ಮೇಲಿಟ್ಟೆ. ನೂರ ಅರವತ್ತೆರಡು. ಮೇಜಿನ ಮೇಲೆ ನಾಲ್ಕು ಪಂಚಾಂಗ ಪೇರಿಸಿ ಅದರ ಮೇಲಿಟ್ಟೆ. ನೂರ ಐವತ್ತಮೂರು. ಕೊನೆಗೆ ಎದ್ದು ನಿಂತು ಬೀರುವಿನ ತಲೆಯ ಮೇಲೆ ಕೈ ಚಾಚಿ ಅಳೆದೆ. ನೂರ ಮೂವತ್ತೆಂಟು!

ಇವಳು ಒಳಗೆ ಬಂದು, “ಬೀರು ಮೇಲೆ ಏನ್ ಹುಡುಕ್ತಾ ಇದೀರಿ?” ಎಂದಳು. “ಆರೋಗ್ಯ” ಎಂದೆ.

ಯಂತ್ರ ನನ್ನ ಮಟ್ಟಿಗೆ ಸರಿಯಾಗಿಯೇ ಇದೆ ಎಂದು ಈಗ ತೋರುತ್ತಿದೆ. ಇನ್ನು ಮೇಲೆ ಬೀರುವಿನ ಅಳತೆಯನ್ನೇ ಬರೆಯುತ್ತೇನೆ.

ಏಪ್ರಿಲ್ 15, ಮಂಗಳವಾರ

ಉಪಕೇಂದ್ರಕ್ಕೆ ಹೋಗಿ ಮೂರು ದಿನದ ಅಂಕಿಗಳನ್ನು ರಂಜಿತಳ ಮುಂದಿಟ್ಟೆ. “ಕೈ ಎಲ್ಲಿಟ್ಟಿದ್ರಿ ಸಾರ್?” ಎಂದಳು.

ನಾನು ಸುಳ್ಳು ಹೇಳುವವನಲ್ಲ. “ಬೀರುವಿನ ಮೇಲೆ” ಎಂದೆ.

“ಸಾರ್, ಕೈ ಮೇಲೆತ್ತಿದ್ರೆ ಕೈಯಲ್ಲಿ ಒತ್ತಡ ಕಮ್ಮಿ ಆಗುತ್ತೆ. ಹೃದಯದಲ್ಲಿ, ಕಿಡ್ನಿಯಲ್ಲಿ ಎಷ್ಟಿತ್ತೋ ಅಷ್ಟೇ ಇರುತ್ತೆ. ಬೀರು ಮೇಲೆ ಕೈ ಇಟ್ಕೊಂಡೇ ಓಡಾಡ್ತೀರಾ?”

ಸಾಲಿನಲ್ಲಿ ನಿಂತಿದ್ದವರು ನಕ್ಕರು. ಅವಳ ಉತ್ತರ ಸರಿಯಾಗಿತ್ತು. ಅದೇ ಬೇಸರ.

ಅಲ್ಲೇ ಮತ್ತೆ ಅಳೆದು, ಡಾಕ್ಟರನ್ನು ಫೋನಿನಲ್ಲಿ ಕೇಳಿ ನನಗೆ ಮಾತ್ರೆ ಕೊಟ್ಟಳು. ಹೊರಡುವಾಗ, “ಅಮ್ಮನ್ನೂ ಒಂದಿನ ಕರ್ಕೊಂಡ್ ಬನ್ನಿ ಸಾರ್” ಎಂದಳು. “ಅವಳಿಗೇನಮ್ಮಾ, ಗುಂಡುಕಲ್ಲಿನ ಹಾಗೆ ಇದಾಳೆ” ಎಂದೆ.

ಏಪ್ರಿಲ್ 19, ಶನಿವಾರ

ಯಂತ್ರವನ್ನು ಕದಿರೇಶನಿಗೆ ಹಿಂದಿರುಗಿಸಲು ಹೋದೆ. ಅವನು ನನ್ನೆದುರೇ ತನ್ನ ತೋಳಿಗೆ ಸುತ್ತಿಕೊಂಡು ಒತ್ತಿದ. ನೂರಿಪ್ಪತ್ತೆರಡು. “ಸರಿಯಾಗೈತಲ್ಲ ಸಾರ್” ಎಂದ. ಜೋರು ಮಾಡಿದ ಮೇಲೆ ಹೊಸದೊಂದು ಕೊಟ್ಟ.

ಮನೆಗೆ ಬಂದಾಗ ಪಕ್ಕದ ಮನೆಯ ದೊಡ್ಡವೆಂಕಟಪ್ಪ ಜಗುಲಿಯ ಮೇಲಿದ್ದ. ಎಪ್ಪತ್ತನಾಲ್ಕು ವರ್ಷ. ಎಲೆಅಡಿಕೆ, ಹೊಗೆಸೊಪ್ಪು, ಮೂರು ಹೊತ್ತು ಉಪ್ಪಿನಕಾಯಿ, ಒಂದನ್ನೂ ಬಿಟ್ಟವನಲ್ಲ. ಅವನ ತೋಳಿಗೆ ಸುತ್ತಿದೆ. ನೂರ ಹದಿನೆಂಟಕ್ಕೆ ಎಪ್ಪತ್ತಾರು.

“ಪಾಸಾ ಮೇಷ್ಟ್ರೇ?” ಎಂದು ಕೇಳಿದ. ಪ್ರಕೃತಿಯಲ್ಲಿ ನ್ಯಾಯವಿಲ್ಲ.

ಇವಳಿಗೆ ಹೊಸ ಯಂತ್ರದಲ್ಲೂ ನೂರ ತೊಂಬತ್ತೆಂಟು. ಆಲೋಚಿಸಿದೆ. ಕದಿರೇಶನಿಗೂ ದೊಡ್ಡವೆಂಕಟಪ್ಪನಿಗೂ ಇಲ್ಲದ್ದು, ಇವಳಿಗೆ ಇರುವುದು ಏನು? ಬಳೆ! ಎರಡು ಡಜನ್ ಗಾಜಿನ ಬಳೆಯ ಅದುರಾಟದಲ್ಲಿ ಯಂತ್ರ ದಿಕ್ಕುತಪ್ಪುತ್ತಿದೆ. ಬಳೆ ತೆಗೆ ಎಂದೆ.

“ಯಾಕೆ? ನೀವು ಗಟ್ಟಿಮುಟ್ಟಾಗೇ ಇದೀರಲ್ಲ” ಎಂದು ಒಳಗೆ ಹೋದಳು.

ಏಪ್ರಿಲ್ 27, ಭಾನುವಾರ

ನನ್ನದು ನೂರ ಅರವತ್ತಾರು. ಇವಳ ಮೂಗಿನಿಂದ ರಕ್ತ ಬಂತು, ಮಾವಿನಕಾಯಿಯ ಉಷ್ಣವಂತೆ. ನನ್ನ ಒಳ್ಳೆಯ ಟವೆಲು ಹಾಳಾಯಿತು. ತಿಂಡಿಗೆ ಉಪ್ಪಿಲ್ಲದ ಉಪ್ಪಿಟ್ಟು. ಇದನ್ನು ಬರೀ ಹಿಟ್ಟು ಎನ್ನಬಹುದು.

ಮೇ 3, ಶನಿವಾರ

ಹದಿನೈದು ದಿನದಿಂದ ನಾನು ಉಪಕೇಂದ್ರದ ಕಡೆ ತಲೆ ಹಾಕಿಲ್ಲವೆಂದು ರಂಜಿತ ಮನೆಗೇ ಬಂದಳು. ಯಂತ್ರಗಳ ಮೇಲೆ ನನಗೆ ನಂಬಿಕೆಯಿಲ್ಲ ಎಂದು ಖಂಡತುಂಡವಾಗಿ ಹೇಳಿದೆ.

“ಹಂಗಾದ್ರೆ ನೀವೇ ಕಿವಿಯಾರೆ ಕೇಳಿ ಸಾರ್” ಎಂದು ಚೀಲದಿಂದ ತನ್ನ ಹಳೆಯ ಸ್ಟೆತಸ್ಕೋಪು, ಗಾಳಿ ತುಂಬುವ ಪಟ್ಟಿ, ರಬ್ಬರಿನ ಬುಡ್ಡೆ ತೆಗೆದಳು. ಒತ್ತಡ ತೋರಿಸುವ ಮುಳ್ಳು ಕೆಟ್ಟಿತ್ತು, ಉಳಿದದ್ದೆಲ್ಲ ಸರಿಯಿತ್ತು. ತನ್ನ ತೋಳಿಗೇ ಪಟ್ಟಿ ಸುತ್ತಿಕೊಂಡು ಸ್ಟೆತಸ್ಕೋಪಿನ ಬಿಲ್ಲೆಯನ್ನು ಮೊಣಕೈ ಮಡಿಕೆಯ ಮೇಲಿಟ್ಟು ನನ್ನ ಕಿವಿಗೆ ಸಿಕ್ಕಿಸಿದಳು. ಏನೂ ಕೇಳಲಿಲ್ಲ.

“ಈಗ ರಕ್ತ ಸರಾಗವಾಗಿ ಹರೀತಾ ಇದೆ, ಸದ್ದಿಲ್ಲ. ಗಾಳಿ ತುಂಬ್ತೀನಿ. ನಾಳ ಪೂರ್ತಿ ಮುಚ್ಕೊಂತು, ಆಗ್ಲೂ ಸದ್ದಿಲ್ಲ. ಈಗ ಮೆತ್ತಗೆ ಬಿಡ್ತೀನಿ, ಕೇಳಿ.”

ಟಕ್. ಟಕ್. ಟಕ್.

“ಹೃದಯ ಒಂದೊಂದು ಸಲ ನೂಕಿದಾಗ್ಲೂ ಪಟ್ಟಿ ಬಿಗೀನ ಮೀರಿ ಚೂರು ರಕ್ತ ನುಗ್ಗುತ್ತೆ. ಇಕ್ಕಟ್ಟಲ್ಲಿ ನುಗ್ಗಿದಾಗ್ಲೇ ಸದ್ದು. ಸದ್ದು ಶುರು ಆದ ಕಡೆ ಮೇಲಿನ ಅಂಕಿ, ನಿಂತ ಕಡೆ ಕೆಳಗಿನ ಅಂಕಿ.”

ಕಾಲುವೆಯ ನೀರು ಕಲ್ಲುಸಂದಿಯಲ್ಲಿ ಮಾತ್ರ ಗಲಗಲ ಎನ್ನುವಂತೆ. ಇಷ್ಟು ಚೊಕ್ಕವಾಗಿ ನಾನು ಯಾವ ಪಾಠವನ್ನೂ ಮಾಡಿದ ನೆನಪಿಲ್ಲ. ಹಾಗೆಂದು ಅವಳಿಗೆ ಹೇಳಲಿಲ್ಲ. “ಪರವಾಗಿಲ್ಲ” ಎಂದೆ.

ಇವಳು ಮಜ್ಜಿಗೆ ತಂದಳು. ರಂಜಿತ ಇವಳ ಮುಖವನ್ನೇ ನೋಡುತ್ತ, “ಅಮ್ಮಾ, ಒಂದ್ನಿಮಿಷ ಕೂತ್ಕೊಳ್ಳಿ” ಎಂದಳು. “ಆಮೇಲೆ ಕಣಮ್ಮ, ಹೆಚ್ಚಿದ ಕಾಯಿ ಒಣಗೋಗ್ತದೆ” ಎಂದು ಇವಳು ಹಿತ್ತಲಿಗೆ ಹೋಗಿಬಿಟ್ಟಳು. ಸಂಘಕ್ಕೆ ಮುನ್ನೂರು ಜಾಡಿ ಆವಕಾಯಿ ಉಪ್ಪಿನಕಾಯಿಗೆ ಬೇಡಿಕೆ ಬಂದಿದೆ. ಅಧ್ಯಕ್ಷೆ ಇವಳೇ.

“ಅಮ್ಮನ್ದು ಯಾವಾಗ್ಲಾದ್ರೂ ನೋಡಿದ್ರಾ ಸಾರ್?”

“ಎರಡು ಸಲ ನೋಡಿದೆ. ಎರಡೂ ಯಂತ್ರದ ದೋಷ.”

“ಎಷ್ಟು ಬಂತು?”

“ತಪ್ಪು ಅಂಕಿಯನ್ನ ನಾನು ಬಾಯಲ್ಲಿ ಹೇಳಲ್ಲಮ್ಮ.”

ಅವಳ ಮುಖ ಗಂಟಾಯಿತು. “ತಪ್ಪೋ ಸರೀನೋ, ಹೇಳಿ ಸಾರ್” ಎಂದಳು. ನಾನು ಹೇಳಲಿಲ್ಲ. ಹನ್ನೆರಡನೇ ತಾರೀಖು ಸೋಮವಾರ ತಾನೇ ಬಂದು ನೋಡುವುದಾಗಿ ಹೇಳಿ ಹೋದಳು. ಹಳೆಯ ಪಟ್ಟಿ, ಬುಡ್ಡೆ, ಸ್ಟೆತಸ್ಕೋಪು ನನ್ನಲ್ಲೇ ಉಳಿದವು. ಒಂದು ಉಪಾಯ ಹೊಳೆದಿದೆ.

ಮೇ 10, ಶನಿವಾರ

ಉಪಕರಣ ಸಿದ್ಧ. ಇಡೀ ಕೋಲಾರ ಜಿಲ್ಲೆಯಲ್ಲಿ ಇಂಥದ್ದು ಇನ್ನೊಂದಿಲ್ಲ.

ಒತ್ತಡವನ್ನು ಪಾದರಸದ ಎತ್ತರದಲ್ಲಿ ಅಳೆಯುವುದು ರೂಢಿ. ಪಾದರಸ ಸಿಗುವುದಿಲ್ಲ. ನೀರು ಸಿಗುತ್ತದೆ. ಆದರೆ ನೀರು ಹದಿಮೂರೂವರೆ ಪಟ್ಟು ಹಗುರ, ಆದ್ದರಿಂದ ಪಾದರಸ ಒಂದು ಗೇಣು ಏರುವ ಕಡೆ ನೀರು ಹದಿಮೂರೂವರೆ ಗೇಣು ಏರಬೇಕು. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪು ತಂದು, ಪಡಸಾಲೆಯ ಗೋಡೆಗೆ ಎಂಟೂವರೆ ಅಡಿ ಎತ್ತರಕ್ಕೆ ನೆಟ್ಟಗೆ ಮೊಳೆ ಹೊಡೆದು ಕಟ್ಟಿದೆ. ಅದರ ಬುಡ ಒಂದು ಗಾಜಿನ ಸೀಸೆಯೊಳಗೆ. ಸೀಸೆಯ ಬಿರಡೆಗೆ ಇನ್ನೊಂದು ತೂತು, ಅದರಿಂದ ತೋಳಿನ ಪಟ್ಟಿಗೆ ರಬ್ಬರ್ ಕೊಳವೆ. ಬುಡ್ಡೆ ಒತ್ತಿದರೆ ಪಟ್ಟಿಯೂ ಬಿಗಿಯುತ್ತದೆ, ನೀರೂ ಏರುತ್ತದೆ. ನೀರು ಕಾಣಬೇಕೆಂದು, ಉತ್ತರಪತ್ರಿಕೆ ತಿದ್ದುವ ಕಾಲದಿಂದ ಉಳಿದಿದ್ದ ಕೆಂಪು ಇಂಕನ್ನು ಬೆರೆಸಿದೆ.

ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದೆ. ಸಹಜವಾದ ನೂರಿಪ್ಪತ್ತು ಬಂದದ್ದು ಐದಡಿ ನಾಲ್ಕಂಗುಲದಲ್ಲಿ, ಹೆಚ್ಚುಕಡಿಮೆ ನನ್ನ ಎತ್ತರ. ಪೈಪು ಮುಗಿಯುವ ಕಡೆ ನೂರ ತೊಂಬತ್ತು. ಅದಕ್ಕಿಂತ ಮೇಲೆ ಯಾರಿಗೆ ಬೇಕು?

ಹೋದ ದೀಪಾವಳಿಗೆ ಸುಣ್ಣ ಬಳಿಸಿದ ಗೋಡೆಯದು ಎಂದು ಇವಳು ಒಂದೇ ಮಾತು ಹೇಳಿ, ತಲೆ ಹಿಡಿದುಕೊಂಡು ಕೂತಳು. ಗೋಡೆಗಾಗಿ ಎಂದುಕೊಂಡೆ.

ಮೇ 11, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಪ್ರಯೋಗ. ದೊಡ್ಡವೆಂಕಟಪ್ಪನನ್ನು ಗೋಡೆಯ ಪಕ್ಕ ಕುರ್ಚಿ ಹತ್ತಿಸಿ ಗೆರೆ ಓದಲು ನಿಲ್ಲಿಸಿದೆ. ಮಾವಿನಕಾಯಿ ಹೆಚ್ಚಲು ಬಂದಿದ್ದ ಸಂಘದ ನಾಲ್ಕು ಹೆಂಗಸರು ಬಾಗಿಲಲ್ಲಿ ನಿಂತರು.

ಮೊದಲು ನಾನು. ನೀರನ್ನು ಏರಿಸಿ, ನಿಧಾನಕ್ಕೆ ಇಳಿಬಿಟ್ಟೆ. “ನೂರಾ ಎಪ್ಪತ್ತು... ನೂರಾ ಅರವತ್ತೈದು...” ಎಂದು ದೊಡ್ಡವೆಂಕಟಪ್ಪ ಹರಾಜು ಕೂಗಿದ ಹಾಗೆ ಕೂಗಿದ. ಟಕ್ ಎಂದಿತು. ನೂರ ಅರವತ್ತನಾಲ್ಕು. ಮೂರು ಸಲ ಮಾಡಿದೆ, ಮೂರು ಸಲವೂ ಅಷ್ಟೇ. ನೀರಿನ ಜೊತೆ ವಾದ ಮಾಡುವುದು ಹೇಗೆ? ನನಗೆ ಬಿ.ಪಿ. ಇದೆ. ಒಪ್ಪಿದೆ.

ಆದರೆ ಇವಳ ಅಂಕಿಯಾದರೂ ತಪ್ಪೆಂದು ತೋರಿಸಿ ಯಂತ್ರಗಳ ಮಾನ ಕಳೆಯಬೇಕಿತ್ತು. ಎರಡೇ ನಿಮಿಷ ಎಂದು ಕೂರಿಸಿದೆ. ಬುಡ್ಡೆ ಒತ್ತಿದೆ. ಕೆಂಪು ನೀರು ಐದಡಿ ದಾಟಿತು. ಟಕ್ ಟಕ್ ಶುರುವಾಯಿತು. ನೀರು ಮೇಲಕ್ಕೆ ಹೋದ ಹಾಗೆ ಸದ್ದು ನಿಲ್ಲಬೇಕು. ನಿಲ್ಲಲಿಲ್ಲ.

“ನೂರಾ ಅರವತ್ತು! ಎಪ್ಪತ್ತು! ಎಂಬತ್ತು ಮೇಷ್ಟ್ರೇ! ತೊಂಬತ್ತು! ಪೈಪು ಮುಗೀತು!”

ಟಕ್ ಟಕ್ ಟಕ್. ಇನ್ನೊಂದು ಸಲ ಒತ್ತಿದೆ. ಪೈಪಿನ ಬಾಯಿಂದ ಕೆಂಪು ನೀರು ಬುಗ್ಗೆಯ ಹಾಗೆ ಉಕ್ಕಿ ದೊಡ್ಡವೆಂಕಟಪ್ಪನ ಬಿಳಿ ತಲೆಯ ಮೇಲೆ, ಬನಿಯನ್ನಿನ ಮೇಲೆ, ಗೋಡೆಯ ಕ್ಯಾಲೆಂಡರಿನ ಮೇಲೆ ಸುರಿಯಿತು. ಅವನು ಕುರ್ಚಿಯಿಂದ ಹಾರಿದ. ಹೆಂಗಸರು ಬಿದ್ದುಬಿದ್ದು ನಕ್ಕರು. “ಮೇಷ್ಟ್ರು ಓಕುಳಿ ಆಡ್ತವ್ರೆ!” ಇವಳೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ನನ್ನ ಕಿವಿಯಲ್ಲಿ ಇನ್ನೂ ಟಕ್ ಟಕ್ ಟಕ್. ಪೈಪು ಮುಗಿದಿತ್ತು, ಒತ್ತಡ ಮುಗಿದಿರಲಿಲ್ಲ.

ಎಲ್ಲರೂ ನಗುತ್ತಿದ್ದಾಗ ನಾನು ಗಾಳಿ ಬಿಟ್ಟು, ಪಟ್ಟಿ ಬಿಚ್ಚಿ, “ತಲೆನೋವು ಎಷ್ಟು ದಿನದಿಂದ?” ಎಂದು ಕೇಳಿದೆ.

“ಏಮೀ ಲೇದು. ಸಂಕ್ರಾಂತಿ ಕಳೆದ ಮೇಲಿಂದ ಇರಬೇಕು.”

ರಂಜಿತಳಿಗೆ ಫೋನು ಮಾಡಿದೆ. ಭಾನುವಾರ. ಬರುವುದಿಲ್ಲ ಎನ್ನಬಹುದಿತ್ತು. ಹದಿನೈದು ನಿಮಿಷದಲ್ಲಿ ಸ್ಕೂಟರಿನಲ್ಲಿ ಬಂದಳು. ಗೋಡೆ ನೋಡಿದಳು, ದೊಡ್ಡವೆಂಕಟಪ್ಪನನ್ನು ನೋಡಿದಳು. ಮುನಿಯಲ್ಲಮ್ಮನನ್ನು ಒರಗಿ ಕೂರಿಸಿ, ಎರಡೂ ತೋಳಿಗೆ ಅಳೆದಳು. ಇನ್ನೂರ ಎಂಟಕ್ಕೆ ನೂರ ಹದಿನೆಂಟು. ಆಂಬುಲೆನ್ಸಿಗೆ ರಂಜಿತ ಅವರೇ ಫೋನು ಮಾಡಿದರು, ಅವರೇ ಜೊತೆಗೆ ಹತ್ತಿದರು.

ಆಂಬುಲೆನ್ಸಿನಲ್ಲಿ ಮಲಗಿಸಿದಾಗ ಮುನಿಯಲ್ಲಮ್ಮ ತಲೆಯೆತ್ತಿ, “ಮೂರು ಕೊಪ್ಪರಿಗೆಗೆ ಇನ್ನೂ ಎಣ್ಣೆ ಹಾಕಿಲ್ಲ, ಬೂಸಲು ಬರ್ತದೆ. ಸಂಘದವ್ರಿಗೆ ಹೇಳಿ” ಎಂದಳು. ಹೇಳಿದೆ.

ಮೇ 12, ಸೋಮವಾರ. ಕೋಲಾರ

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ರಾತ್ರಿಯೇ ನೂರ ಎಪ್ಪತ್ತಕ್ಕೆ ಇಳಿಸಿದರು. ಒಮ್ಮೆಲೇ ಪೂರ್ತಿ ಇಳಿಸಬಾರದಂತೆ. ವರ್ಷಗಟ್ಟಲೆ ಆ ಒತ್ತಡಕ್ಕೆ ಒಗ್ಗಿದ ಮಿದುಳಿಗೆ ರಕ್ತ ಸಾಲದೆ ಹೋಗುತ್ತದಂತೆ.

ಡಾಕ್ಟರಮ್ಮ ಪರದೆಯ ಮೇಲೆ ಹೃದಯ ತೋರಿಸಿದರು. ನಾನು ಪಾಠ ಮಾಡಿದ್ದೇನೆ, ಬೋರ್ಡಿನ ಮೇಲೆ ಬರೆದಿದ್ದೇನೆ. ಮಿಡಿಯುತ್ತಿರುವುದನ್ನು ನೋಡಿದ್ದು ಇದೇ ಮೊದಲು.

“ಎಡಗಡೆ ಗೋಡೆ ದಪ್ಪ ಆಗಿದೆ ನೋಡಿ. ಭಾರ ಎತ್ತೋರ ತೋಳು ದಪ್ಪ ಆಗಲ್ವಾ, ಹಂಗೆ. ವರ್ಷಗಳಿಂದ ಬಿ.ಪಿ. ಇರ್ಬೇಕು. ಕಿಡ್ನಿ ಸದ್ಯಕ್ಕೆ ಚೆನ್ನಾಗಿದೆ, ಅದೇ ಪುಣ್ಯ. ಮನೇಲಿ ಯಾರೂ ಗಮನಿಸ್ಲಿಲ್ವಾ?”

“ಗಮನಿಸಿದೆ” ಎಂದೆ. “ಎರಡು ಸಲ ಅಳೆದೆ.”

“ಮತ್ತೆ?”

“ಯಂತ್ರ ಬದಲಾಯಿಸಿದೆ” ಎಂದೆ.

ಮಾಲೂರಿನಿಂದ ಮಗಳು ದಿವ್ಯ ಬಂದಿದ್ದಾಳೆ. ನನ್ನ ಡೈರಿ ತಿರುವಿ ನೋಡಿ, ಏಪ್ರಿಲ್ ಒಂಬತ್ತರ ಪುಟದಲ್ಲಿ ಬೆರಳಿಟ್ಟು ನನ್ನ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಸುಮ್ಮನೆ ಕೂರಲಾರದೆ ಒಂದು ಲೆಕ್ಕ ಹಾಕಿದೆ. ಹೃದಯ ದಿನಕ್ಕೆ ಏಳು ಸಾವಿರ ಲೀಟರ್ ರಕ್ತ ನೂಕುತ್ತದೆ. ನನ್ನ ಗೋಡೆಯ ಲೆಕ್ಕದಲ್ಲಿ, ಉಳಿದವರ ಹೃದಯ ಒಂದೊಂದು ಮಿಡಿತಕ್ಕೂ ಐದಡಿ ಚಿಲ್ಲರೆ ಎತ್ತಿದರೆ ಇವಳದ್ದು ಪೈಪಿಗಿಂತಲೂ ಮೇಲಕ್ಕೆ ಎತ್ತುತ್ತಿತ್ತು. ಕಾಯಿ ಹೆಚ್ಚುತ್ತ, ನೀರು ಸೇದುತ್ತ, ನನಗೆ ಕಾಫಿ ತರುತ್ತ. ಒಂದು ದಿನಕ್ಕೆ ಎಷ್ಟಾಯಿತು, ಒಂದು ವರ್ಷಕ್ಕೆ ಎಷ್ಟಾಯಿತು ಎಂದು ಗುಣಿಸಲು ಹೊರಟೆ. ಲೆಕ್ಕ ಮುಗಿಸಲಿಲ್ಲ.

ಮೇ 15, ಗುರುವಾರ

ಮನೆಗೆ ಬಂದೆವು. ಕೊಪ್ಪರಿಗೆಗಳಿಗೆ ಎಣ್ಣೆ ಬಿದ್ದಿತ್ತು. ಗೋಡೆಯ ಕೆಂಪು ಹೋಗಿಲ್ಲ. ದೊಡ್ಡವೆಂಕಟಪ್ಪನ ತಲೆಯದ್ದೂ ಹೋಗಿಲ್ಲ.

ಮೇ 20, ಮಂಗಳವಾರ

ಮುನಿಯಲ್ಲ (ಮದುವೆಯಾದ ಹೊಸತರಲ್ಲಿ ಹೀಗೇ ಕರೆಯುತ್ತಿದ್ದೆ) ಮಾತ್ರೆ ನುಂಗುವುದಿಲ್ಲ. ತಲೆನೋವು ಹೋಗಿದೆಯಲ್ಲ, ಇನ್ಯಾಕೆ ಎಂಬುದು ಅವಳ ವಾದ. ನಾಳಗಳ ಬಗ್ಗೆ ಹೇಳಿದೆ. ನಾಳ ಅರ್ಧಕ್ಕೆ ಕಿರಿದಾದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂದೆ. ತೋಟದ ಹನಿನೀರಾವರಿ ಪೈಪು ತಂದು ತೋರಿಸಿದೆ. ಮುಕ್ಕಾಲು ಗಂಟೆ ಮಾತಾಡಿದೆ.

ಎಲ್ಲ ಕೇಳಿಸಿಕೊಂಡು, “ಅಷ್ಟು ಗೊತ್ತಿರೋರು ನೀವ್ಯಾಕೆ ನುಂಗ್ತಾ ಇಲ್ಲ?” ಎಂದಳು.

ನನ್ನದು ಉಪಕೇಂದ್ರದಲ್ಲಿ ಕೊಟ್ಟ ದಿನದಿಂದ ಮೇಜಿನ ಖಾನೆಯಲ್ಲಿತ್ತು. ತಂದು ಅವಳೆದುರೇ ನುಂಗಿದೆ. ಬಾಯಿ ತೆರೆದು ತೋರಿಸು ಎಂದಳು. ತೋರಿಸಿದೆ. ಆಮೇಲೆ ಅವಳೂ ನುಂಗಿದಳು. ಇದು ಬರೀ ಪ್ರಾತ್ಯಕ್ಷಿಕೆ. ಅವಳಿಗೆ ಅಭ್ಯಾಸವಾಗುವ ತನಕ ಮುಂದುವರಿಸುತ್ತೇನೆ.

ಜೂನ್ 2, ಸೋಮವಾರ

ಮುನಿಯಲ್ಲನಿಗೆ ನೂರ ಐವತ್ತೆರಡು. ಬೆಳಿಗ್ಗೆ ನಡೆದದ್ದು ಕೆರೆ ಏರಿಯ ತನಕ. ಅವಳು ಒಂದು ಕಡೆ ನಿಂತು ಉಸಿರು ತೆಗೆದುಕೊಂಡಳು. ನಾನೂ ಚಪ್ಪಲಿ ಸರಿಮಾಡಿಕೊಳ್ಳುವ ಹಾಗೆ ನಿಂತೆ.

ಇವತ್ತಿನ ಸಾರು ನಾನು ಮಾಡಿದ್ದು. ಉಪ್ಪಿನ ಬದಲು ಹುಣಸೆ, ಕೊತ್ತಂಬರಿ, ಹಸಿಮೆಣಸು. ದೊಡ್ಡವೆಂಕಟಪ್ಪ ಒಂದು ತುತ್ತು ಬಾಯಿಗಿಟ್ಟು, “ಮೇಷ್ಟ್ರೇ, ನನಗೆ ಬಿ.ಪಿ. ಇಲ್ಲ ಅಂತ ನೀವೇ ಹೇಳಿದ್ದಲ್ವಾ?” ಎಂದು ಎದ್ದು ಹೋದ.

ಜೂನ್ 14, ಶನಿವಾರ

ಮುನ್ನೂರು ಜಾಡಿಗಳೂ ಹೋದವು. ಮುಚ್ಚಳ ಬಿಗಿಯುವ ಕೆಲಸ ನನ್ನದಾಗಿತ್ತು. ಸಂಘದ ಹೆಂಗಸರಿಗೆ ಅಪಾರ ನಗು. ಮುನಿಯಲ್ಲ ನೂರ ನಲವತ್ತನಾಲ್ಕು. ಅವಳಿಗೆ ಇಪ್ಪತ್ತು ವರ್ಷದಿಂದ ಮುಳಬಾಗಿಲಿನ ದೋಸೆ ತಿನ್ನುವ ಆಸೆಯಿದೆಯಂತೆ. ಒಂದೂವರೆ ಗಂಟೆ ದಾರಿ. ಯಾಕೆ ಹೇಳಲಿಲ್ಲ ಎಂದೆ. “ಹೇಳಿದ್ದೆ” ಎಂದಳು.

ಜೂನ್ 17, ಮಂಗಳವಾರ

ಮುಳಬಾಗಿಲಿಗೆ ಹೋಗಿ ಬಂದೆವು. ಎರಡು ತಿಂದಳು. ಚಟ್ನಿಯ ಉಪ್ಪಿನ ಬಗ್ಗೆ ನಾನು ಬಾಯಿ ತೆರೆಯುವ ಮುಂಚೆಯೇ, “ಇವತ್ತೊಂದಿನ ಪಾಠ ಬೇಡ” ಎಂದಳು.

ಜೂನ್ 29, ಭಾನುವಾರ

ರಂಜಿತ ಅವರು ಬಂದಿದ್ದರು. ನಾವು ಅಳೆಯುವ ಕ್ರಮವನ್ನು ನೋಡಿ, ಎಲ್ಲ ಸರಿಯಿದೆ, ಒಂದು ತಪ್ಪಿದೆ ಎಂದರು.

“ಅಳತೆಗೆ ಮುಂಚೆ ಐದು ನಿಮಿಷ ಸುಮ್ನೆ ಕೂತಿರ್ಬೇಕು ಸಾರ್. ಬೆನ್ನಿಗೆ ಒರಗು, ಕಾಲು ನೆಲದ ಮೇಲೆ. ಮಾತು ಬೇಡ. ಅಮ್ಮನೂ ಮಾತಾಡಬಾರ್ದು, ಪಕ್ಕದಲ್ಲಿರೋರೂ ಮಾತಾಡಬಾರ್ದು.”

“ವಿವರಣೆಯೂ ಕೊಡಬಾರದೇ?”

“ಅದು ಮುಖ್ಯವಾಗಿ ಕೊಡಬಾರ್ದು ಸಾರ್.”

ಮೇಡಂ ಹೇಳಿದ್ದನ್ನು ಬರೆದು ಗೋಡೆಗೆ ಅಂಟಿಸಿದ್ದೇನೆ. ನನ್ನದನ್ನೂ ಅಳೆದರು. ನೂರ ಮೂವತ್ತಾರು. ಯಾವಾಗ ಇಳಿಯಿತೋ ನೋಡಿಕೊಂಡಿರಲಿಲ್ಲ. ಅವರಿಗೆ ತಿಂಗಳಿಗೆ ಎರಡು ದಿನ ತಪಾಸಣೆಯ ಹೊತ್ತಿನಲ್ಲಿ ಒಬ್ಬರು ಸಹಾಯಕ್ಕೆ ಬೇಕಂತೆ, ಬಂದವರ ತೋಳನ್ನು ಸರಿಯಾದ ಮಟ್ಟದಲ್ಲಿ ಇಡಿಸಲು. ಒಪ್ಪಿಕೊಂಡೆ. ಪಾಠ ಮಾಡಕೂಡದು ಎಂಬುದು ಅವರ ಷರತ್ತು.

ಜುಲೈ 13, ಭಾನುವಾರ

ಬೆಳಿಗ್ಗೆ ಜಗುಲಿಯ ಮೇಲೆ ಕೂತೆವು. ಮಾವು ಮುಗಿಯಿತು. ತೊಳೆದ ಕೊಪ್ಪರಿಗೆಗಳು ಅಂಗಳದಲ್ಲಿ ಬೋರಲಾಗಿದ್ದವು, ಮೇಲೆ ಒಂದು ಮೈನಾ ಕೂತಿತ್ತು. ಮುನಿಯಲ್ಲನ ತೋಳಿಗೆ ಪಟ್ಟಿ ಸುತ್ತಿ, ಅವಳ ಕೈಯನ್ನು ದಿಂಬಿನ ಮೇಲೆ ಹೃದಯದ ಮಟ್ಟಕ್ಕೆ ಇಟ್ಟು, ಗಡಿಯಾರ ನೋಡಿದೆ. ಏಳು ಗಂಟೆ ಹತ್ತು ನಿಮಿಷ. ಐದು ನಿಮಿಷ ಮಾತಿಲ್ಲ.

ಬೀದಿಯಲ್ಲಿ ಹಾಲಿನ ಡೈರಿಗೆ ಹೋಗುವವರು ಹೋದರು. ಒಬ್ಬಾಕೆ, “ಏನಕ್ಕಾ, ಸುಮ್ಕೆ ಕೂತಿದೀರಿ?” ಎಂದಳು. ಮುನಿಯಲ್ಲ ಪಟ್ಟಿ ಕಟ್ಟಿದ ತೋಳು ತೋರಿಸಿ ತುಟಿಯ ಮೇಲೆ ಬೆರಳಿಟ್ಟಳು. ಅವಳ ಕೈಬೆರಳಲ್ಲಿ ಕಾಯಿ ಹೆಚ್ಚುವಾಗ ಆದ ಗಾಯದ ಗೆರೆಗಳಿವೆ. ಎಣಿಸಿದೆ. ಒಂಬತ್ತು.

ಏಳೂಕಾಲಾಯಿತು. ಗುಂಡಿ ಒತ್ತಬೇಕಿತ್ತು. ಮೈನಾ ಹಾರಿ ಹೋಗಿ ಮತ್ತೆ ಬಂತು. ಏಳು ಇಪ್ಪತ್ತಾಯಿತು.

“ಆಯ್ತೇನ್ರೀ ಐದು ನಿಮಿಷ?”

“ಇನ್ನೂ ಇಲ್ಲ” ಎಂದೆ.

“ಗಡಿಯಾರ ನನಗೂ ಕಾಣಿಸ್ತದೆ” ಎಂದಳು. ಕೈ ಮಾತ್ರ ತೆಗೆಯಲಿಲ್ಲ.